ಅವ್ವನ ಮಂಚದ ಎತ್ತರ: ಕಲಬುರಗಿಯ ಒಂದು ಕುಟುಂಬ ಕಾರು ಕೊಂಡ ಪ್ರಕರಣ

ಕಲಬುರಗಿಯ ಒಂದು ಕುಟುಂಬ 2025ರ ಜುಲೈಯಿಂದ ಅಕ್ಟೋಬರ್‌ವರೆಗೆ ಹೊಸ ಕಾರಿಗಾಗಿ ಓಡಾಡಿತು. ಆ ನಾಲ್ಕು ತಿಂಗಳ ವಿವರ ಇಲ್ಲಿದೆ. ಮನೆಯವರ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಹೆಸರು, ಓಣಿ, ಹಳ್ಳಿ, ಶೋರೂಂ, ಬ್ಯಾಂಕು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ, ಬಹುತೇಕ ಮೊತ್ತಗಳನ್ನು ನೂರರ ಲೆಕ್ಕಕ್ಕೆ ತಂದಿದ್ದೇನೆ. ನಾನು ಬಹಳ ವರ್ಷ ಬ್ಯಾಂಕಿನಲ್ಲಿ ಸಾಲದ ಟೇಬಲ್ಲಿನ ಹಿಂದೆ ಕೂತವನು. ನಿವೃತ್ತಿಯಾದ ಮೇಲೆ ಪರಿಚಯದವರು ಮನೆ, ಗಾಡಿ ಕೊಳ್ಳುವಾಗ ಕಾಗದ ಓದಿಕೊಡುತ್ತೇನೆ. ಈ ಮನೆಯವರು ಬಂದದ್ದೂ ಅದಕ್ಕೇ.

ಮನೆ ಮತ್ತು ಹಳೇ ಗಾಡಿ

ಯಜಮಾನರು ಹೈಸ್ಕೂಲಿನಲ್ಲಿ ಮಾಸ್ತರು, ವಯಸ್ಸು 46. ಅವರ ಮನೆಯವರು ಆಸ್ಪತ್ರೆಯಲ್ಲಿ ನರ್ಸು. ಓಣಿಯವರೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಪಿಯುಸಿ ಓದುವ ಮಗಳು, ಎಂಟನೇ ತರಗತಿಯ ಮಗ. ಮಾಸ್ತರರ ತಾಯಿಗೆ 72 ವರ್ಷ, ಎರಡೂ ಮೊಣಕಾಲು ನೋವು. ತಿಂಗಳಿಗೊಮ್ಮೆ ಸೊಲ್ಲಾಪುರದ ಡಾಕ್ಟರ ಹತ್ತಿರ ಹೋಗಿ ಬರಬೇಕು. ಹಳ್ಳಿಯಲ್ಲಿ ಆರು ಎಕರೆ ಎರೆಹೊಲ ಇದೆ, ತೊಗರಿ ಬೆಳೆಯುತ್ತಾರೆ. ಅದನ್ನು ನೋಡಿಕೊಳ್ಳುವವರು ಮಾಸ್ತರರ ಕಾಕಾ.

ಹಳೇ ಕಾರು 2012ರದ್ದು, ಪೆಟ್ರೋಲಿನ ಸಣ್ಣ ಗಾಡಿ. ಇಂಜಿನ್ನು ಚೆನ್ನಾಗಿತ್ತು, ಎಸಿ ಸೋತಿತ್ತು. ನಮ್ಮಲ್ಲಿ ಮೇ ತಿಂಗಳಲ್ಲಿ 42, 43 ಡಿಗ್ರಿ ಹೊಸದಲ್ಲ. ಆ ಬಿಸಿಲಲ್ಲಿ ನೂರು ಕಿಲೋಮೀಟರಿಗೂ ಜಾಸ್ತಿ ದೂರದ ಸೊಲ್ಲಾಪುರಕ್ಕೆ ವಯಸ್ಸಾದವರನ್ನು ಕರೆದುಕೊಂಡು ಹೋಗುವುದು ಕಷ್ಟವೇ. ಮೇ ತಿಂಗಳ ಒಂದು ಮಧ್ಯಾಹ್ನ ಅವ್ವ ದಾರಿಯಲ್ಲೇ ತಲೆ ಸುತ್ತಿ ಬಿದ್ದರು. ಹೊಸ ಕಾರಿನ ಮಾತು ಶುರುವಾದದ್ದು ಆ ದಿನವೇ.

ಕೈಯಲ್ಲಿ ಉಳಿತಾಯ ಮೂರೂವರೆ ಲಕ್ಷ. ಹಳೇ ಗಾಡಿಗೆ ಸುಮಾರು ಒಂದೂವರೆ ಬರಬಹುದು ಅನ್ನುವ ಅಂದಾಜು. ಉಳಿದದ್ದಕ್ಕೆ ಸಾಲ.

ಯಾವ ಗಾಡಿ ಎಂಬ ಜಗಳ

ಮೊದಲ ತಿಂಗಳು ಮನೆಯಲ್ಲಿ ಬರೀ ಜಗಳ. ಮಗನಿಗೆ ಸನ್‌ರೂಫ್ ಬೇಕು. ಕಾಕಾನಿಗೆ ಏಳು ಸೀಟಿನ ಡೀಸೆಲ್ ಗಾಡಿ ಬೇಕು. "ಡೀಸೆಲ್ ಅಂದ್ರ ಎವರೇಜ್ ನೋಡ್ರಿ, ಜಾತ್ರಿಗಿ ಎಲ್ಲಾರೂ ಒಂದೇ ಗಾಡ್ಯಾಗ ಹೋಗಬಹುದು" ಅನ್ನುವುದು ಅವರ ವಾದ. ಮಾಸ್ತರರಿಗೆ ಸಹೋದ್ಯೋಗಿಯೊಬ್ಬರು ಕೊಂಡ ದೊಡ್ಡ ಎಸ್‌ಯುವಿ ಕಣ್ಣಲ್ಲಿ ಕೂತಿತ್ತು.

ನಾನು ಅವರಿಗೆ ಎರಡು ಲೆಕ್ಕ ಬರೆಯಲು ಹೇಳಿದೆ. ಹಿಂದಿನ ಒಂದು ವರ್ಷದಲ್ಲಿ ಗಾಡಿ ಎಷ್ಟು ಓಡಿದೆ? ಐದಕ್ಕಿಂತ ಜಾಸ್ತಿ ಜನ ಎಷ್ಟು ಸಲ ಕೂತಿದ್ದಾರೆ? ಸರ್ವೀಸ್ ಬಿಲ್ಲುಗಳ ಮೇಲಿನ ಕಿಲೋಮೀಟರ್ ತಾಳೆ ಹಾಕಿದಾಗ ವರ್ಷಕ್ಕೆ ಸುಮಾರು 11,000 ಬಂತು. ಐದಕ್ಕಿಂತ ಜಾಸ್ತಿ ಜನ ಹೋದದ್ದು ನಾಲ್ಕೇ ಸಲ: ಶರಣಬಸವೇಶ್ವರ ಜಾತ್ರೆಗೆ ಒಮ್ಮೆ, ಗಾಣಗಾಪುರಕ್ಕೆ ಎರಡು ಸಲ, ಒಂದು ಮದುವೆ. ಆ ನಾಲ್ಕು ದಿನ ಬಾಡಿಗೆ ಗಾಡಿ ಮಾಡಿದರೂ ಎಷ್ಟೋ ಅಗ್ಗ ಅಲ್ವಾ? ಏಳು ಸೀಟು ಅಲ್ಲಿಗೇ ನಿಂತಿತು. ಮೂರನೇ ಸಾಲಿನ ಸೀಟು ಎತ್ತಿ ನಿಲ್ಲಿಸಿದರೆ ಡಿಕ್ಕಿಯಲ್ಲಿ ಒಂದು ಬೇಳೆ ಚೀಲವೂ ಹಿಡಿಯುವುದಿಲ್ಲ ಎಂದು ಕಾಕಾ ಆಮೇಲೆ ತಾವೇ ಹೇಳಿದರು.

ಡೀಸೆಲ್ ಬಿಡಲು ಕಾರಣ ಬೇರೆ. ಆ ಗಾಡಿ ಜಾಸ್ತಿ ಓಡುವುದು ಸಿಸ್ಟರ್ ಡ್ಯೂಟಿಗೆ ಹೋಗಿ ಬರಲು, ಒಂದು ದಿಕ್ಕಿಗೆ ಆರು ಕಿಲೋಮೀಟರ್. ಈಗಿನ ಮಾಲಿನ್ಯ ನಿಯಮದ (ಬಿಎಸ್ 6) ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಇಂಜಿನ್ನು ಚೆನ್ನಾಗಿ ಕಾದು ಸ್ವಲ್ಪ ಹೊತ್ತು ಒಂದೇ ಸಮ ಓಡಿದರೆ ಮಾತ್ರ ಆ ಮಸಿ ಸುಟ್ಟು ಹೋಗುತ್ತದೆ. ದಿನವೂ ಊರೊಳಗೇ ಸುತ್ತಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ದಿನಾ ಹೈದರಾಬಾದ್ ದಾರಿ ಹಿಡಿಯುವವರಿಗೆ ಡೀಸೆಲ್ ಸರಿ, ಈ ಮನೆಗಲ್ಲ.

ಸಿಎನ್‌ಜಿ ವಿಚಾರವೂ ಬಂತು. ಅವರ ಹಳ್ಳಿಯ ದಾರಿಯಲ್ಲಿ ಒಂದೂ ಬಂಕ್ ಇರಲಿಲ್ಲ. ಬಿಟ್ಟರು.

ಟೇಪು ಹಿಡಿದ ದಿನ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು. ಅವ್ವನಿಗಾಗಿ ಕಾರು ಎಂದು ಮಾತು ಶುರುವಾಗಿತ್ತು. ಆದರೆ ಎರಡು ಸಲ ಶೋರೂಮಿಗೆ ಹೋದಾಗಲೂ ಅವ್ವ ಮನೆಯಲ್ಲೇ ಇದ್ದರು. "ಅವರಿಗೇನು ಗೊತ್ತಾಗ್ತದ" ಎಂದು ಯಾರೂ ಅಂದಿರಲಿಲ್ಲ, ಸುಮ್ನೆ ಯಾರಿಗೂ ಹೊಳೆದಿರಲಿಲ್ಲ. ಮೂರನೇ ಸಲ ಸಿಸ್ಟರ್ ಹಟ ಹಿಡಿದು ಕರೆದುಕೊಂಡು ಬಂದರು. ನಾನೂ ಜೊತೆಗಿದ್ದೆ.

ಮಾಸ್ತರರು ಮೆಚ್ಚಿದ ದೊಡ್ಡ ಗಾಡಿಯ ಬಾಗಿಲು ತೆಗೆದರು. ಅವ್ವ ಎಡಗೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದರು, ಬಲಗೈ ಬಾಗಿಲ ಅಂಚಿಗೆ. ಕಾಲು ಎತ್ತಿದರು. ಮೊಣಕಾಲು ಅಷ್ಟು ಮಡಚಲಿಲ್ಲ, ಪಾದ ಹೊಸ್ತಿಲಿಗೆ ತಗುಲಿ ಕೆಳಗೆ ಬಂತು. ಮತ್ತೊಮ್ಮೆ ನೋಡಿದರು. ಮಾರಾಟದ ಹುಡುಗ ಓಡಿಹೋಗಿ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದಿಟ್ಟ. ಅವ್ವ ಸ್ಟೂಲನ್ನೊಮ್ಮೆ, ಮಗನನ್ನೊಮ್ಮೆ ನೋಡಿದರು.

"ಇದನ್ನ ದವಾಖಾನಿತನಕ ಸಂಗಾಟ ಒಯ್ಯಾದೇನಪ್ಪಾ?"

ಮಾಸ್ತರರು ಏನೂ ಹೇಳಲಿಲ್ಲ. ಪಕ್ಕದಲ್ಲಿದ್ದ ಸೆಡಾನಿನಲ್ಲಿ ಕೂರಿಸಿದರು. ಕೂರುವಾಗ ಅವ್ವ ಧಪ್ಪನೆ ಒಳಗೆ ಬಿದ್ದಂತಾಯಿತು. ಏಳುವಾಗ ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. "ಕೂಡಾಕ ಬರ್ತದ, ಏಳಾಕ ಬರಂಗಿಲ್ಲ" ಅಂದರು.

ಅಂದು ಮನೆಗೆ ಬಂದ ಮೇಲೆ ಸಿಸ್ಟರ್ ಒಂದು ಕೆಲಸ ಮಾಡಿದರು. ಬ್ಲೌಸ್ ಅಳತೆಯ ಟೇಪು ತಂದು ಅವ್ವನ ಮಂಚ ಅಳೆದರು. ಆ ಮಂಚದಿಂದ ಅವ್ವ ಯಾರ ಸಹಾಯವೂ ಇಲ್ಲದೆ ದಿನಾ ಬೆಳಿಗ್ಗೆ ಏಳುತ್ತಾರೆ. ನೆಲದಿಂದ ಹಾಸಿಗೆಯ ಅಂಚಿಗೆ 24 ಇಂಚು. ಮರುದಿನದಿಂದ ಟೇಪು ಅವರ ಬ್ಯಾಗಿನಲ್ಲೇ ಇತ್ತು. ದೊಡ್ಡ ಗಾಡಿಯ ಹಿಂದಿನ ಸೀಟು 30 ಇಂಚು. ಸೆಡಾನ್ 20. ನಾಲ್ಕು ಮೀಟರ್ ಒಳಗಿನ, ಸ್ವಲ್ಪ ಎತ್ತರದ ಒಂದು ಗಾಡಿ 25. ಅದರ ಹಿಂದಿನ ಬಾಗಿಲು ಅಗಲಕ್ಕೆ ತೆರೆಯುತ್ತಿತ್ತು. ಅವ್ವ ಮೊದಲು ಬೆನ್ನು ಹಾಕಿ ಸೀಟಿನ ಮೇಲೆ ಕೂತು, ಆಮೇಲೆ ಎರಡೂ ಕಾಲು ಒಳಗೆ ತಂದುಕೊಂಡರು. ಮನೆಯಲ್ಲಿ ಮಂಚ ಏರುವುದೂ ಹೀಗೇ.

ಆ ಸಂಜೆಗೆ ಹದಿನಾಲ್ಕು ಗಾಡಿಗಳ ಪಟ್ಟಿ ಮೂರಕ್ಕೆ ಇಳಿಯಿತು. ಒಂದು ತಿಂಗಳಿಂದ ನೋಡಿದ ಯೂಟ್ಯೂಬ್ ವಿಡಿಯೋಗಳು ಮಾಡದ ಕೆಲಸವನ್ನು ಒಂದು ಟೇಪು ಮಾಡಿತು. ಮನೆಯಲ್ಲಿ ವಯಸ್ಸಾದವರಿದ್ದರೆ ಗಾಡಿಯ ಕೆಳಗಿನ ಗ್ರೌಂಡ್ ಕ್ಲಿಯರೆನ್ಸ್ ಕೇಳುವ ಮುಂಚೆ ಸೀಟಿನ ಎತ್ತರ ಅಳೆಯಿರಿ ಎಂದು ಈಗ ನಾನು ಎಲ್ಲರಿಗೂ ಹೇಳುತ್ತೇನೆ. ಶೋರೂಮಿನ ಕಾಗದದಲ್ಲಿ ಅದು ಬರೆದಿರುವುದಿಲ್ಲ.

ಮೂರರಲ್ಲಿ ಒಂದನ್ನು ಆರಿಸಲು ಎರಡು ವಿಷಯ ನೋಡಿದರು. ಮೊದಲನೆಯದು ಸುರಕ್ಷತೆ. 2023ರ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲೇ ಭಾರತ್ ಎನ್‌ಕ್ಯಾಪ್ ಎಂಬ ಡಿಕ್ಕಿ ಪರೀಕ್ಷೆ ಇದೆ. ದೊಡ್ಡವರಿಗೆ, ಮಕ್ಕಳಿಗೆ ಬೇರೆ ಬೇರೆ ನಕ್ಷತ್ರ ಕೊಡುತ್ತಾರೆ. ಸಿಸ್ಟರ್ ಅಪಘಾತದ ವಾರ್ಡಿನಲ್ಲಿ ಕೆಲಸ ಮಾಡಿದವರು. ಆರು ಏರ್‌ಬ್ಯಾಗ್ ಇಲ್ಲದ್ದು ಬೇಡವೇ ಬೇಡ ಅಂದರು. ಎರಡನೆಯದು, ದಿನಾ ಓಡಿಸುವವರೂ ಅವರೇ, ಎತ್ತರ ಐದು ಅಡಿಗೆ ಸ್ವಲ್ಪ ಕಡಿಮೆ. ಡ್ರೈವರ್ ಸೀಟು ಮೇಲೆ ಕೆಳಗೆ ಆಗದಿದ್ದರೆ ಬಾನೆಟ್ಟಿನ ತುದಿ ಕಾಣುವುದಿಲ್ಲ. ಇವೆರಡೂ ಇರುವ ಮಾಡೆಲ್ಲಿನ ಎಕ್ಸ್ ಶೋರೂಂ ಬೆಲೆ (ರಸ್ತೆ ತೆರಿಗೆ, ವಿಮೆ ಸೇರದ ಬೆಲೆ) ಆಗ 10,80,000. ಇವೆರಡೂ ಇಲ್ಲದ ಕೆಳಗಿನ ಮಾಡೆಲ್ 9,20,000.

ಟೆಸ್ಟ್ ಡ್ರೈವ್‌ಗೆ ಹುಡುಗ ರಿಂಗ್ ರೋಡಿನಲ್ಲಿ ಮೂರು ಕಿಲೋಮೀಟರ್ ತೋರಿಸಿ ತಿರುಗಿಸಲು ಹೊರಟ. ನುಣ್ಣಗಿನ ರಸ್ತೆಯಲ್ಲಿ ಎಲ್ಲ ಗಾಡಿಯೂ ಚೆನ್ನಾಗಿಯೇ ಇರುತ್ತದೆ. ಐದು ಜನ ಕೂತು, ಮಧ್ಯಾಹ್ನ ಎರಡು ಗಂಟೆಗೆ, ಎಸಿ ಹಾಕಿ, ಊರ ಹೊರಗಿನ ಕೆಟ್ಟ ರಸ್ತೆಗೆ ಒಯ್ಯೋಣ ಅಂದೆವು. ಪಾಪ, ಒಪ್ಪಿದ. ಹಿಂದಿನ ಸೀಟಿಗೆ ಗಾಳಿ ಬರುವ ಕಿಂಡಿ ಇದ್ದ ಗಾಡಿಯಲ್ಲಿ ಅವ್ವ ನಿದ್ದೆ ಹೋದರು. ಮಗನ ಸನ್‌ರೂಫ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರು. ನಮ್ಮ ಬಿಸಿಲಿಗೆ ತಲೆಯ ಮೇಲೆ ಗಾಜು ಬೇಡ ಅಂದೆ.

ತೆರಿಗೆ ಇಳಿದಾಗ

ಆಗಸ್ಟ್ ಎರಡನೇ ವಾರ. 10,80,000ದ ಗಾಡಿ ಕೈಗೆಟುಕುವುದಿಲ್ಲ ಎಂದು 9,20,000ದ್ದನ್ನೇ ಬಿಲ್ ಮಾಡಿಸಲು ಮಾಸ್ತರರು ತಯಾರಾದರು. ಕಾರಣ ರಸ್ತೆ ತೆರಿಗೆ. ಕರ್ನಾಟಕದಲ್ಲಿ ಆಗ ಕಾರಿನ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಜೀವಿತಾವಧಿ ತೆರಿಗೆ ಶೇ 14. ಹತ್ತು ದಾಟಿದ ಕೂಡಲೇ ಶೇ 17. ಅದೂ ದಾಟಿದ ಭಾಗಕ್ಕಲ್ಲ, ಪೂರ್ತಿ ಬೆಲೆಗೆ. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಲೆಕ್ಕ ಹಾಕಿದರೆ 10,80,000ದ ಗಾಡಿಗೆ ತೆರಿಗೆಯೇ 2,03,800.

ಅಷ್ಟರಲ್ಲಿ ಆಗಸ್ಟ್ 15 ಬಂತು. ಜಿಎಸ್‌ಟಿ ಇಳಿಸುತ್ತೇವೆ ಎಂದು ಕೆಂಪುಕೋಟೆಯಿಂದ ಪ್ರಧಾನಿ ಹೇಳಿದರು. ಎಷ್ಟು, ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಶೋರೂಮಿನಿಂದ ದಿನಕ್ಕೆರಡು ಫೋನು: "ಸರ್, ಶ್ರಾವಣದ ಆಫರ್ ಅದ, ಈಗೇ ತಗೊಳ್ರಿ, ರೇಟ್ ಇಳೀತದಂತ ಏನ್ ಗ್ಯಾರಂಟಿ?" ಅವರ ಮಾತೂ ಸುಳ್ಳಲ್ಲ. ನಾನು ಕೇಳಿದ್ದು ಒಂದೇ: ಕಾಯ್ದರೆ ನಿಮಗೇನು ನಷ್ಟ? ಹಳೇ ಗಾಡಿ ಓಡುತ್ತಿದೆ, ಮಳೆಗಾಲ, ಬಿಸಿಲಿಲ್ಲ. ವಾಪಸ್ ಕೊಡುತ್ತೇವೆ ಎಂದು ರಸೀದಿಯಲ್ಲಿ ಬರೆಸಿ 10,000 ಬುಕಿಂಗ್ ಕಟ್ಟಿದರು, ಬಿಲ್ ಮಾಡಿಸಲಿಲ್ಲ. ತೆರಿಗೆ ಬೀಳುವುದು ಬಿಲ್ಲಿನ ದಿನದ ದರದ ಮೇಲೆ.

ಸೆಪ್ಟೆಂಬರ್ 3ರಂದು ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಮಾಡಿತು, 22ರಿಂದ ಜಾರಿ. ನಾಲ್ಕು ಮೀಟರ್ ಒಳಗಿನ, ಪೆಟ್ರೋಲಾದರೆ 1200 ಸಿಸಿ ಒಳಗಿನ ಕಾರಿಗೆ ಸೆಸ್ ಸೇರಿ ಶೇ 29 ಇದ್ದದ್ದು 18ಕ್ಕೆ ಇಳಿಯಿತು. ಆ ರಾತ್ರಿ ಮಾಸ್ತರರ ಫೋನು ಬಂದಾಗ ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. 10,80,000ದ ಗಾಡಿ 9,87,900ಕ್ಕೆ ಬರುತ್ತದೆ. ಅಂದರೆ ಹತ್ತು ಲಕ್ಷದ ಗೆರೆಯ ಕೆಳಗೆ! ರಸ್ತೆ ತೆರಿಗೆ ಶೇ 17ರಿಂದ 14ಕ್ಕೆ ಇಳಿದು 1,53,500 ಆಗುತ್ತದೆ. ಜಿಎಸ್‌ಟಿಯಲ್ಲಿ 92,100, ರಸ್ತೆ ತೆರಿಗೆಯಲ್ಲಿ 50,300, ಒಟ್ಟು 1,42,400 ಉಳಿತಾಯ. ಪೇಪರಿನಲ್ಲಿ ಬಂದದ್ದು ಮೊದಲನೆಯ ಅರ್ಧ ಮಾತ್ರ. ಎರಡನೆಯದನ್ನು ಮಾರಾಟದ ಹುಡುಗನೂ ಗಮನಿಸಿರಲಿಲ್ಲ. ಆರು ಏರ್‌ಬ್ಯಾಗ್ ಇಲ್ಲದ ಮಾಡೆಲ್ಲಿಗೆ ಇಳಿಯಲಿದ್ದ ಮನೆ ಪೂರ್ತಿ ಸುರಕ್ಷತೆಯ ಮಾಡೆಲ್ಲಿಗೆ ಬಂತು. ನನಗೆ ಅಂದು ರಾತ್ರಿ ನಿಜಕ್ಕೂ ಖುಷಿಯಾಯಿತು.

ಕೊಟೇಶನ್ ಹಾಳೆ

ಹೊಸ ದರದ ಕೊಟೇಶನ್ ಬಂತು: ಆನ್ ರೋಡ್, ಅಂದರೆ ಎಲ್ಲ ಸೇರಿ, 12,76,800. ಬೆಲೆ ಮತ್ತು ರಸ್ತೆ ತೆರಿಗೆ ಸೇರಿದರೆ 11,41,400. ಉಳಿದ 1,35,400 ಯಾವುದಕ್ಕೆ? ಇನ್ಶೂರೆನ್ಸ್ 61,000, ಆಕ್ಸೆಸರಿ ಕಿಟ್ 34,000, ಹೆಚ್ಚುವರಿ ವಾರಂಟಿ 18,000, ಬಣ್ಣಕ್ಕೂ ತಳಕ್ಕೂ ಕೋಟಿಂಗ್ 12,500, ಹ್ಯಾಂಡ್ಲಿಂಗ್ ಚಾರ್ಜು 6,500, ಫಾಸ್ಟ್ಯಾಗ್ ಇತ್ಯಾದಿ 3,400.

ಹ್ಯಾಂಡ್ಲಿಂಗ್ ಎಂದರೇನು ಎಂದು ಮಾಸ್ತರರು ಕೇಳಿದರು. ಗಾಡಿ ಯಾರ್ಡಿನಿಂದ ತರುವ ಖರ್ಚು ಅಂದರು. ಹಾಗಾದರೆ ಅದಕ್ಕೆ ಬೇರೆ ಬಿಲ್ ಕೊಡಿ ಎಂದಾಗ ಆ ಸಾಲನ್ನೇ ಪೆನ್ನಿನಿಂದ ಹೊಡೆದು ಹಾಕಿದರು. ಕೋಟಿಂಗ್ ಬೇಡ ಅಂದರು. ಕಿಟ್ಟಿನಲ್ಲಿ ನಿಜಕ್ಕೂ ಬೇಕಾದದ್ದು ಮ್ಯಾಟು ಮತ್ತು ಮಡ್ ಫ್ಲ್ಯಾಪು. ಎರೆಮಣ್ಣು ಹತ್ತಿದರೆ ಬಿಡುವುದಿಲ್ಲವಲ್ಲ. ಅವೆರಡಕ್ಕೆ 4,200.

ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮ ಇಲ್ಲ. ಥರ್ಡ್ ಪಾರ್ಟಿ ವಿಮೆ ಮೂರು ವರ್ಷಕ್ಕೆ ಕಡ್ಡಾಯ, ಅದರ ದರ ಎಲ್ಲ ಕಡೆ ಒಂದೇ. 1000ದಿಂದ 1500 ಸಿಸಿ ಗಾಡಿಗೆ ಆಗ ತೆರಿಗೆ ಬಿಟ್ಟು 10,640. ವ್ಯತ್ಯಾಸ ಇರುವುದು ನಮ್ಮ ಗಾಡಿಯ ನಷ್ಟದ ವಿಮೆಯಲ್ಲಿ. ಹೊರಗೆ 38,000ಕ್ಕೂ ಸಿಕ್ಕಿತು. ಆದರೆ ಅದರಲ್ಲಿ ಗಾಡಿಯ ವಿಮಾ ಮೌಲ್ಯವನ್ನೇ ಇಳಿಸಿ ಬರೆದಿದ್ದರು. ಹೊಸ ಕಾರಿಗೆ ಅದು ಎಕ್ಸ್ ಶೋರೂಂ ಬೆಲೆಯ ಶೇ 95 ಇರಬೇಕು. ಪೂರ್ತಿ ಮೌಲ್ಯ, ಬಿಡಿಭಾಗದ ಸವಕಳಿ ಕಳೆಯದ ಬಂಪರ್ ಟು ಬಂಪರ್, ಜೊತೆಗೆ ಇಂಜಿನ್ ರಕ್ಷಣೆ ಸೇರಿಸಿ 44,000ಕ್ಕೆ ಮಾಡಿಸಿದರು. ಇಂಜಿನ್ ರಕ್ಷಣೆ ನಾನು ಒತ್ತಾಯ ಮಾಡಿ ಹಾಕಿಸಿದ್ದು. ನೀರು ನಿಂತ ಸೇತುವೆಯಲ್ಲಿ ಗಾಡಿ ಬಂದ್ ಬಿದ್ದು, ಮತ್ತೆ ಚಾಲೂ ಮಾಡಲು ಹೋಗಿ ಇಂಜಿನ್ ಕೆಟ್ಟರೆ ಸಾಮಾನ್ಯ ವಿಮೆ ದುಡ್ಡು ಕೊಡುವುದಿಲ್ಲ. ಅವರ ಹಳ್ಳಿಯ ದಾರಿಯಲ್ಲಿ ಅಂಥ ಎರಡು ಸೇತುವೆಗಳಿವೆ.

ಹೈದರಾಬಾದಿನ ನೆಂಟರೊಬ್ಬರು ಅಲ್ಲಿ 25,000 ಜಾಸ್ತಿ ಡಿಸ್ಕೌಂಟ್ ಕೊಡಿಸುತ್ತೇನೆ ಅಂದರು. ಆದರೆ ವಿಳಾಸ ಕಲಬುರಗಿಯದು, ಗಾಡಿ ಕೆಎ 32ರಲ್ಲೇ ನೋಂದಣಿಯಾಗಬೇಕು, ರಸ್ತೆ ತೆರಿಗೆ ಇಲ್ಲಿಯದೇ. ಜೊತೆಗೆ ತಾತ್ಕಾಲಿಕ ನೋಂದಣಿ, ಓಡಾಟ. ಆ ಕೊಟೇಶನ್ ತರಿಸಿ ಇಲ್ಲಿ ತೋರಿಸಿದರು, ಇಲ್ಲಿಯವರು 15,000 ಬಿಟ್ಟರು. ಅಷ್ಟಕ್ಕೇ ಒಪ್ಪಿದರು. ಕೊನೆಯ ಮೊತ್ತ 11,96,000. ಮೊದಲ ಹಾಳೆಗಿಂತ 80,800 ಕಡಿಮೆ, ಗಾಡಿ ಅದೇ.

ಕಂತು ಯಾವ ದುಡ್ಡಿನಿಂದ

ಸಾಲದ ಮಾತು ಆಗಿದ್ದು ಆಗಸ್ಟಿನಲ್ಲೇ. ಮಾಸ್ತರರ ಮೊದಲ ಯೋಜನೆ ಹೀಗಿತ್ತು: ಒಂಬತ್ತು ಲಕ್ಷ ಸಾಲ, ತಿಂಗಳಿಗೆ 18,700 ಕಂತು, ಸಂಬಳದಿಂದ 15,000, ಉಳಿದದ್ದು ತೊಗರಿಯ ದುಡ್ಡು. ಹೊಲ ಹಸಿರಾಗಿತ್ತು. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ಎಂದು ಘೋಷಣೆಯೂ ಆಗಿತ್ತು. ಕಾಕಾ ಧೈರ್ಯ ಹೇಳಿದರು.

ನಾನು ಒಪ್ಪಲಿಲ್ಲ. ಬ್ಯಾಂಕಿನಲ್ಲಿದ್ದಾಗ ಎಷ್ಟೋ ಗಾಡಿ ಜಪ್ತಿಯಾದದ್ದು ನೋಡಿದ್ದೇನೆ. ಬಹಳಷ್ಟು ಸಲ ಕಾರಣ ಒಂದೇ, ಪ್ರತಿ ತಿಂಗಳ ಕಂತನ್ನು ವರ್ಷಕ್ಕೊಮ್ಮೆ ಬರುವ ಬೆಳೆಯ ಮೇಲೆ ಕಟ್ಟಿರುತ್ತಾರೆ. ತೊಗರಿ ಮನೆಗೆ ಬರುವುದು ಡಿಸೆಂಬರ್, ಜನವರಿಗೆ. ಕಂತು ನವೆಂಬರಿನಿಂದಲೇ ಶುರು. ಸಂಬಳ ಹೊರುವಷ್ಟೇ ಸಾಲ ಮಾಡಿ, ತೊಗರಿ ಬಂದರೆ ಸಾಲಕ್ಕೆ ಮುಂಗಡ ಕಟ್ಟಿ ಎಂದೆ. ಮಾಸ್ತರರಿಗೆ ಸ್ವಲ್ಪ ಬೇಸರವಾಯಿತು. ಎರಡು ದಿನ ಫೋನು ಮಾಡಲಿಲ್ಲ. ಆಮೇಲೆ ಏಳು ಲಕ್ಷಕ್ಕೆ ಒಪ್ಪಿದರು.

ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿಯಿತು, ಭೀಮಾ ಉಕ್ಕಿತು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಹೊಲ ನೀರಲ್ಲಿ ನಿಂತವು. ಇವರ ಆರು ಎಕರೆಯಲ್ಲಿ ನಾಲ್ಕು ಎಕರೆ ತೊಗರಿ ಬೇರು ಕೊಳೆತು ಒಣಗಿತು. ಆ ವಾರ ಕಾಕಾ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಬಹಳ ಹೊತ್ತು ಸುಮ್ನೆ ಕೂತಿದ್ದರು. ಕಾರಿನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬಡ್ಡಿಯ ವಿಷಯದಲ್ಲಿ ಇನ್ನೊಂದು ತಿರುವು. ಶೋರೂಮಿನ ಫೈನಾನ್ಸ್ ಟೇಬಲ್ಲಿನವರು ಶೇ 6 ಅಂದರು. ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ ಶೇ 9. ಯಾರಿಗಾದರೂ ಆರೇ ಅಗ್ಗ ಅನಿಸುತ್ತದೆ. ಆದರೆ ಆರು ಎಂದದ್ದು ಫ್ಲಾಟ್ ದರ. ಅಂದರೆ ನೀವು ತೀರಿಸಿದ ಅಸಲಿಗೂ ಕೊನೆಯ ತಿಂಗಳವರೆಗೆ ಬಡ್ಡಿ. ಏಳು ಲಕ್ಷಕ್ಕೆ ಐದು ವರ್ಷಕ್ಕೆ 2,10,000 ಬಡ್ಡಿ, ಕಂತು 15,170. ಬ್ಯಾಂಕಿನ ಒಂಬತ್ತು ಉಳಿದ ಅಸಲಿನ ಮೇಲೆ ಮಾತ್ರ. ಬಡ್ಡಿ 1,71,900, ಕಂತು 14,530. ದರದ ಅಂಕಿ ಬಿಟ್ಟು ಕಂತು ಎಷ್ಟು, ಒಟ್ಟು ಎಷ್ಟು ಕಟ್ಟುತ್ತೇನೆ ಎಂದು ಕೇಳಿದರೆ ಸಾಕು, ನಿಜ ಕಾಣುತ್ತದೆ. ಏಳು ವರ್ಷ ಮಾಡಿ, ಕಂತು 11,260ಕ್ಕೆ ಇಳಿಯುತ್ತದೆ ಎಂದೂ ಹೇಳಿದರು. ಹಾಗೆ ಮಾಡಿದರೆ ಬಡ್ಡಿ 74,000 ಜಾಸ್ತಿ. ಐದೇ ವರ್ಷ ಇಟ್ಟುಕೊಂಡರು, ಮುಂಗಡ ಕಟ್ಟಿದರೆ ದಂಡ ಇಲ್ಲ ಎಂದು ಮಂಜೂರಾತಿ ಪತ್ರದಲ್ಲಿ ನೋಡಿಕೊಂಡು ಸಹಿ ಮಾಡಿದರು.

ದಸರಾಕ್ಕೆ ಬೇಕು ಎಂಬ ಹಟ

ವಿಜಯದಶಮಿ ಅಕ್ಟೋಬರ್ 2ಕ್ಕೆ. ಅಂದೇ ಗಾಡಿ ಮನೆಗೆ ಬರಬೇಕು, ಬನ್ನಿ ಕೊಡಲು ಹೊಸ ಗಾಡಿಯಲ್ಲೇ ಹೋಗಬೇಕು ಎಂದು ಮಕ್ಕಳ ಆಸೆ. ದರ ಇಳಿದಿದ್ದರಿಂದ ಶೋರೂಮಿನಲ್ಲಿ ಕಾಲಿಡಲು ಜಾಗ ಇಲ್ಲ. ಇಂಥ ಗದ್ದಲದಲ್ಲೇ ಕಣ್ಣು ತಪ್ಪುವುದು. ನೋಂದಣಿಗೆ ಹಾಕುವ ಮುಂಚೆ, ಹಗಲು ಬೆಳಕಲ್ಲಿ, ಯಾರ್ಡಿಗೇ ಹೋಗಿ ಗಾಡಿ ನೋಡೋಣ ಎಂದೆ. ನೋಂದಣಿಯಾದ ಮೇಲೆ ಗಾಡಿ ನಿಮ್ಮದೇ, ಬದಲಿಸಿ ಕೊಡಿ ಎಂದು ಕೇಳುವುದು ಬಹಳ ಕಷ್ಟ.

ಸೆಪ್ಟೆಂಬರ್ 27ರಂದು ಹೋದೆವು. ಮಗಳು ಕೆಳಗೆ ಕೂತು ಟೈರಿನ ಪಕ್ಕೆ ಒರೆಸಿದಳು. ಧೂಳಿನಡಿ ನಾಲ್ಕು ಅಂಕಿ ಕಂಡವು: 0525. ಅಂದರೆ 2025ರ ಐದನೇ ವಾರ. ನಾಲ್ಕು ಟೈರಿಗೂ ಅಷ್ಟೇ. ಗಾಡಿಯ ಕಾಗದದಲ್ಲಿ ತಯಾರಾದ ತಿಂಗಳು ಫೆಬ್ರವರಿ. ಏಳು ತಿಂಗಳು ಬಿಸಿಲು ಮಳೆಯಲ್ಲಿ ನಿಂತ ಗಾಡಿ. ಕಿಟಕಿಯ ರಬ್ಬರು ಒಂದು ಕಡೆ ಬೆಳ್ಳಗಾಗಿತ್ತು.

ಶೋರೂಮಿನವರು ನೇರವಾಗಿಯೇ ಹೇಳಿದರು: ದಸರಾಕ್ಕೆ ಬೇಕಾದರೆ ಇದೇ, ಹೊಸ ಲಾಟಿನದು ಬೇಕಾದರೆ ದೀಪಾವಳಿಗೆ. ಮಗನ ಮುಖ ಬಾಡಿತು. ಮಾಸ್ತರರು ನನ್ನ ಕಡೆ ನೋಡಿದರು. ನಾನು ಏನೂ ಹೇಳಲಿಲ್ಲ, ಅದು ಮನೆಯವರೇ ತೀರ್ಮಾನಿಸುವ ವಿಷಯ. ಸಿಸ್ಟರ್ ಹೇಳಿದರು: "ಹತ್ತು ವರ್ಷ ಇಟ್ಕೊಳ್ಳೋ ಗಾಡಿ, ಇಪ್ಪತ್ತು ದಿನ ಕಾಯೋಣ್ರಿ."

ಆ ದಸರಾಕ್ಕೆ ಹಳೇ ಗಾಡಿಗೇ ಖಂಡೇನವಮಿ ಪೂಜೆ ಆಯಿತು. ಅದರಲ್ಲೇ ಬನ್ನಿ ಕೊಡಲು ನಮ್ಮ ಮನೆಗೂ ಬಂದರು. ಹೊಸ ಗಾಡಿ ಅಕ್ಟೋಬರ್ 22, ಪಾಡ್ಯದ ದಿನ ಬಂತು. ಟೈರಿನ ಮೇಲೆ 3525. ಒಂದು ಬಾಗಿಲಿನ ಕೆಳಗೆ ಸಣ್ಣ ಗೀರು ಇತ್ತು, ಅದನ್ನು ಡೆಲಿವರಿ ಕಾಗದದಲ್ಲಿ ಬರೆಸಿ ಒಂದು ವಾರದಲ್ಲಿ ಸರಿ ಮಾಡಿಸಿಕೊಂಡರು.

ಹಳೇ ಗಾಡಿಯ ಕಾಗದ

ಇಲ್ಲಿಯವರೆಗೆ ಎಲ್ಲ ಸರಿ ಹೋಯಿತು. ತಪ್ಪಿದ್ದು ಒಂದು ಕಡೆ, ಅದರಲ್ಲಿ ನನ್ನ ಪಾಲೂ ಇದೆ.

ಹಳೇ ಗಾಡಿಗೆ ಶೋರೂಮಿನ ಎಕ್ಸ್‌ಚೇಂಜ್‌ನಲ್ಲಿ ಬೋನಸ್ ಸೇರಿ 1,30,000. ಹೊರಗಿನ ದಲ್ಲಾಳಿ 1,50,000 ಅಂದ. ಇಪ್ಪತ್ತು ಸಾವಿರ ಜಾಸ್ತಿ, ಹೊರಗೇ ಕೊಟ್ಟರು. ಗಾಡಿಯನ್ನು ಕೊಂಡವರ ಹೆಸರಿಗೆ ವರ್ಗಾಯಿಸುವ ಫಾರ್ಮ್ 29 ಮತ್ತು 30ಕ್ಕೆ ಮಾಸ್ತರರು ಸಹಿ ಹಾಕಿದರು. ಕೊಳ್ಳುವವರ ಹೆಸರಿನ ಜಾಗ ಖಾಲಿ, ತಮಗೊಂದು ಪ್ರತಿಯೂ ಇಟ್ಟುಕೊಳ್ಳಲಿಲ್ಲ. ಹೊಸ ಗಾಡಿಯ ಒಂದೊಂದು ಸಾಲು ಓದಿದ ನಾನು ಹಳೇ ಗಾಡಿಯ ಕಾಗದ ಏನಾಯಿತು ಎಂದು ಒಮ್ಮೆಯೂ ಕೇಳಲಿಲ್ಲ.

ಜನವರಿಯಲ್ಲಿ ಮಾಸ್ತರರ ಮೊಬೈಲಿಗೆ ಮೆಸೇಜು ಬಂತು: ತೆಲಂಗಾಣದಲ್ಲಿ ಅತಿವೇಗಕ್ಕೆ ಚಲನ್. ಒಂದು ವಾರಕ್ಕೆ ಇನ್ನೊಂದು. ಗಾಡಿ ಯಾರ ಕೈಯಲ್ಲಿದೆ ಎಂದೇ ಗೊತ್ತಿಲ್ಲ, ಆರ್‌ಸಿ (ನೋಂದಣಿ ಪತ್ರ) ಮಾತ್ರ ಇವರ ಹೆಸರಲ್ಲಿ. ಚಲನ್ನಿನ ದುಡ್ಡು ದೊಡ್ಡದಲ್ಲ. ಭಯ ಬೇರೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಗಾಡಿ ಮಾರಿದ್ದರೂ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಕಾನೂನಿದೆ. ನನಗೆ ಅದು ಗೊತ್ತಿತ್ತು, ಹೇಳಲಿಲ್ಲ.

ದಲ್ಲಾಳಿಯ ಅಂಗಡಿಗೆ ಮೂರು ಸಲ ಹೋದೆವು. ಗಾಡಿ ಬೀದರ್ ಜಿಲ್ಲೆಯ ಒಬ್ಬರ ಕೈ ಸೇರಿತ್ತು, ಅವರು ವಾರಕ್ಕೊಮ್ಮೆ ಹೈದರಾಬಾದಿಗೆ ಹೋಗಿ ಬರುವವರು. ಒಳ್ಳೆಯ ಮನುಷ್ಯ, ವರ್ಗಾವಣೆ ಆಗಿದೆ ಎಂದೇ ನಂಬಿದ್ದರು. ಮಾಸ್ತರರು ಪೊಲೀಸ್ ಠಾಣೆಗೂ ಆರ್‌ಟಿಒಗೂ ಬರೆದು ಕೊಟ್ಟು, ಸ್ವೀಕರಿಸಿದ ಸೀಲು ಹಾಕಿಸಿಕೊಂಡರು. ಹೊಸದಾಗಿ ಫಾರ್ಮ್ ತುಂಬಿ, ಎರಡೂ ಕಡೆಯವರ ಸಹಿ, ಆಧಾರ್ ಪ್ರತಿ, ಮಾರಿದ ದಿನ ಮತ್ತು ಗಂಟೆ ಬರೆದ ಒಂದು ಕಾಗದ ಸೇರಿಸಿ ಕೊಟ್ಟರು. ಇವೆಲ್ಲ ನವೆಂಬರಿನಲ್ಲೇ ಆಗಿದ್ದರೆ ಅರ್ಧ ಗಂಟೆಯ ಕೆಲಸ. ಇಪ್ಪತ್ತು ಸಾವಿರದ ಲಾಭಕ್ಕೆ ಮೂರು ತಿಂಗಳ ನಿದ್ದೆ ಹೋಯಿತು. ಮಾಸ್ತರರ ಮುಖ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಹೊಸ ಗಾಡಿ ಚೆನ್ನಾಗಿದೆ. ಊರೊಳಗೆ ಲೀಟರಿಗೆ ಹದಿಮೂರು ಹದಿನಾಲ್ಕು, ಸೊಲ್ಲಾಪುರ ದಾರಿಯಲ್ಲಿ ಹದಿನೆಂಟು ಕೊಡುತ್ತಿದೆ. ಕಂತು ಒಂದೂ ತಪ್ಪಿಲ್ಲ. ಉಳಿದ ಎರಡು ಎಕರೆಯ ತೊಗರಿ ಮಾರಿದ ದುಡ್ಡು ಬೀಜ, ಗೊಬ್ಬರದ ಸಾಲಕ್ಕೇ ಸರಿಹೋಯಿತು, ಮುಂಗಡ ಕಟ್ಟಲು ಆಗಲಿಲ್ಲ. ಅವ್ವ ಈಗ ಬಾಗಿಲು ತಾವೇ ತೆಗೆದು, ಬೆನ್ನು ಹಾಕಿ ಕೂತು, ಕಾಲು ಒಳಗೆ ತಂದುಕೊಳ್ಳುತ್ತಾರೆ.

ಏಪ್ರಿಲ್ ಎರಡನೇ ವಾರ ಮಾಸ್ತರರು ನಮ್ಮ ಮನೆಗೆ ಬಂದರು. ಗಾಡಿಯ ನೋಂದಣಿ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಹಳೇ ಗಾಡಿಯ ನಂಬರು ಹೊಡೆದು ಮೊಬೈಲು ನನ್ನ ಕೈಗೆ ಕೊಟ್ಟರು. ಹೆಸರಿನ ನಡುವಿನ ಅಕ್ಷರಗಳು ಮರೆಯಾಗಿದ್ದವು. ಮೊದಲ ಅಕ್ಷರ ಮಾಸ್ತರರದ್ದಾಗಿರಲಿಲ್ಲ.